ಗೂಬೆ ಕಲಿಸಿದ ಜರ್ಮನ್

ಮನೆಯ ಮೇಲೆ ಗೂಬೆ ಕೂತರೆ ನಮ್ಮ ಹಿರಿಯರು ಶಾಂತಿ ಮಾಡಿಸುತ್ತಿದ್ದರು. ಇನ್ನೂ ಭಯಸ್ಥರಾದರೆ ಬಾಗಿಲಿಗೆ ಬೀಗ ಜಡಿದು ಒಂದಷ್ಟು ತಿಂಗಳು ಬೇರೆ ಕಡೆ ಬಿಡಾರ ಹೂಡುತ್ತಿದ್ದರು. ಈಗ ಅದೇ ಗೂಬೆ ಹಸಿರು ಬಣ್ಣ ಬಳಿದುಕೊಂಡು ಮನೆಮಂದಿಯ ಫೋನುಗಳ ಮೇಲೆಲ್ಲ ಬಂದು ಕೂತಿದೆ. ಶಾಂತಿಯ ಮಾತು ಹಾಗಿರಲಿ, ವರ್ಷದ ಚಂದಾ ಕಟ್ಟಿ ಸಾಕುತ್ತಿದ್ದೇವೆ.

ಭಾಷೆ ಕಲಿಸುವ ಡುಯೊಲಿಂಗೊ ಎಂಬ ಆ್ಯಪ್ ಈ ಗೂಬೆಯ ಮನೆತನ. ಮೂಲಸ್ಥಾನ ಅಮೆರಿಕದ ಪಿಟ್ಸ್‌ಬರ್ಗ್. ಗ್ವಾಟೆಮಾಲದಲ್ಲಿ ಹುಟ್ಟಿದ ಲೂಯಿಸ್ ವಾನ್ ಆನ್ ಎಂಬ ಪ್ರೊಫೆಸರು ತಮ್ಮ ಶಿಷ್ಯ ಸೆವೆರಿನ್ ಹ್ಯಾಕರ್ ಜತೆ ಸೇರಿ ಕಟ್ಟಿ, 2012ರಲ್ಲಿ ಇದನ್ನು ಲೋಕಕ್ಕೆ ಹಾರಿಬಿಟ್ಟರು. ಕಂಪ್ಯೂಟರಿನಲ್ಲಿ ಸೊಟ್ಟಪಟ್ಟ ಅಕ್ಷರ ತೋರಿಸಿ ‘ನೀನು ಮನುಷ್ಯನೇ ಹೌದಾ?’ ಎಂದು ಗೋಳುಹೊಯ್ದುಕೊಳ್ಳುತ್ತಿತ್ತಲ್ಲ ಕ್ಯಾಪ್ಚಾ, ಅದನ್ನು ಹುಟ್ಟಿಸಿದವರಲ್ಲಿ ಇದೇ ವಾನ್ ಆನ್ ಒಬ್ಬರು. ಮನುಷ್ಯರೆಂದು ನಮ್ಮಿಂದ ಸಾಬೀತು ಮಾಡಿಸಿಕೊಂಡಾದ ಮೇಲೆ ಗೂಬೆಯ ಸುಪರ್ದಿಗೆ ಒಪ್ಪಿಸಿದ್ದಾರೆ. 2021ರ ಜುಲೈಯಲ್ಲಿ ಕಂಪನಿ ನ್ಯಾಸ್‌ಡ್ಯಾಕ್ ಷೇರುಪೇಟೆಗೂ ಹತ್ತಿತು. ಗೂಬೆ ಲಕ್ಷ್ಮಿಯ ವಾಹನ ಎಂದು ಶಾಸ್ತ್ರ ಬಲ್ಲವರು ಹೇಳುತ್ತಾರೆ, ಸುಳ್ಳಲ್ಲ. ವಾಹನ ನಮ್ಮ ಮನೆ ಮುಂದೆ ನಿಂತಿರುತ್ತದೆ, ಲಕ್ಷ್ಮಿ ಇಳಿಯುವುದು ಪಿಟ್ಸ್‌ಬರ್ಗ್‌ನಲ್ಲಿ.

ನನ್ನ ಷಡ್ಡಕರು ಈ ಗೂಬೆಯ ಪರಮಭಕ್ತರು. ಬ್ಯಾಂಕಿನಿಂದ ನಿವೃತ್ತರು, ಬನಶಂಕರಿ ನಿವಾಸಿ, ಮಗಳು ಅಳಿಯ ಸ್ಟಟ್‌ಗಾರ್ಟ್‌ನಲ್ಲಿ. ಆದ್ದರಿಂದ ಜರ್ಮನ್. ದಿನ ತಪ್ಪದೆ ಪಾಠ ಮಾಡಿದರೆ ಬೆಂಕಿಯ ಚಿತ್ರದ ಪಕ್ಕ ಒಂದು ಅಂಕಿ ಏರುತ್ತ ಹೋಗುತ್ತದೆ, ಅದಕ್ಕೆ ಸ್ಟ್ರೀಕ್ ಎನ್ನುತ್ತಾರೆ. ಷಡ್ಡಕರದು ಸಾವಿರ ದಾಟಿದೆ. ಒಂದು ದಿನ ತಪ್ಪಿದರೆ ಎಲ್ಲ ಸೊನ್ನೆ. ಹಾಗಾಗಬಾರದು ಎಂದರೆ ಪಾಠ ಮಾಡಿ ಗಳಿಸಿದ ಹರಳು ಕೊಟ್ಟು ‘ಸ್ಟ್ರೀಕ್ ಫ್ರೀಜ್’ ಕೊಂಡಿಟ್ಟುಕೊಳ್ಳಬೇಕು. ಪಾಠ ಮಾಡದ ದಿನವೂ ಬೆಂಕಿ ಆರುವುದಿಲ್ಲ. ವ್ರತಭಂಗಕ್ಕೆ ಮುಂಗಡ ಪ್ರಾಯಶ್ಚಿತ್ತ ಮಾರುವ ಈ ಏರ್ಪಾಡು ನಮ್ಮ ಪುರೋಹಿತರಿಗೆ ಯಾಕೆ ಹೊಳೆಯಲಿಲ್ಲವೋ! ನಾಲ್ಕು ದಿನ ಗೈರುಹಾಜರಾದರೆ ಗೂಬೆ ಬೈಯುವುದಿಲ್ಲ. ಈ ನೆನಪೋಲೆಗಳಿಂದ ಏನೂ ಉಪಯೋಗ ಆಗುತ್ತಿಲ್ಲವೆಂದು ಕಾಣುತ್ತದೆ, ಸದ್ಯಕ್ಕೆ ನಿಲ್ಲಿಸುತ್ತೇವೆ ಎಂಬರ್ಥದ ಒಂದು ಸಾಲು ಕಳಿಸಿ ಸುಮ್ಮನಾಗುತ್ತದೆ. ಊಟಕ್ಕೆ ಕರೆದು ಕರೆದು ಸಾಕಾದ ಅತ್ತೆಯ ಧಾಟಿ ಅದು. ತಡೆದುಕೊಂಡ ಅಳಿಯನಿಲ್ಲ.

ಕಳೆದ ಮಾಘದಲ್ಲಿ ನಮ್ಮ ಹತ್ತಿರದವರ ಮದುವೆ. ಮುಹೂರ್ತ ಸಮೀಪಿಸಿತ್ತು. ಷಡ್ಡಕರ ಎಡಗೈಯಲ್ಲಿ ಅಕ್ಷತೆ, ಬಲಗೈಯಲ್ಲಿ ಫೋನು. ಅಂಕಗಳು ದುಪ್ಪಟ್ಟಾಗುವ ಹದಿನೈದು ನಿಮಿಷದ ವರ ಸಿಕ್ಕಿತ್ತಂತೆ, ಅವರ ಮಟ್ಟಿಗೆ ಅದೂ ಮುಹೂರ್ತವೇ. ವಾಕ್ಯವನ್ನು ಬಾಯಿಬಿಟ್ಟು ಹೇಳುವ ಪಾಠ ಬಂತು. ನಾದಸ್ವರದ ಅಬ್ಬರದಲ್ಲಿ ಫೋನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದರು. ಗಟ್ಟಿಮೇಳ ಶುರುವಾಯಿತು. ಅಂಕದ ಆಸೆ, ಏರಿದ ದನಿಯಲ್ಲಿ ಕೂಗಿದರು: ‘ಇಖ್ ಬಿನ್ ಐನ್ ಮಾನ್!’ ಅದೇ ಕ್ಷಣಕ್ಕೆ ಮೇಳ ನಿಂತಿತು. ಹೆಣ್ಣಿನ ಕಡೆಯವರು ತಿರುಗಿ ನೋಡಿದರು. ಅವರಲ್ಲೊಬ್ಬ ಹುಡುಗ ಜರ್ಮನ್ ಕಂಪನಿಯಲ್ಲಿ ಇದ್ದವನು, ಅಕ್ಕಪಕ್ಕದವರಿಗೆ ತರ್ಜುಮೆ ಮಾಡಿದ: ‘ನಾನೊಬ್ಬ ಗಂಡಸು ಅಂತಿದಾರೆ.’ ತಾಳಿ ಕಟ್ಟಿ ಕೈ ಇನ್ನೂ ನಡುಗುತ್ತಿದ್ದ ಮದುಮಗ ಷಡ್ಡಕರನ್ನು ನೋಡಿದ ನೋಟ ವಿಡಿಯೊದಲ್ಲಿದೆ.

ಇಷ್ಟೆಲ್ಲ ಯಾತಕ್ಕೆ ಎಂದರೆ ಲೀಗ್. ಮೂವತ್ತು ಜನರ ಗುಂಪು ಮಾಡಿ ವಾರವಾರ ಓಡಿಸುತ್ತಾರೆ. ಕಂಚು, ಬೆಳ್ಳಿ, ಚಿನ್ನ, ಹೀಗೆ ಏರುತ್ತ ವಜ್ರದವರೆಗೆ. ಗುಂಪಿನಲ್ಲಿ ಇರುವವರು ಯಾರು, ಯಾವ ದೇಶದವರು, ಯಾವ ಭಾಷೆ ಕಲಿಯುತ್ತಿದ್ದಾರೆ, ಒಂದೂ ಗೊತ್ತಿಲ್ಲ. ಆದರೂ ಭಾನುವಾರ ರಾತ್ರಿ ಅವರನ್ನು ಸೋಲಿಸಲೇಬೇಕು. ಹೊಸ ಪಾಠ ಕಷ್ಟ, ಅಂಕ ನಿಧಾನ. ಹಳೆಯ ಪಾಠ ಸುಲಭ, ಅಂಕ ಜೋರು. ಹೀಗಾಗಿ ಷಡ್ಡಕರು ಮೊದಲ ಪಾಠದ ಅದೇ ಬೆಕ್ಕಿಗೆ ಅದೇ ಹಾಲು ಕುಡಿಸುತ್ತ ವರ್ಷಗಟ್ಟಲೆ ಸೇವೆ ಸಲ್ಲಿಸುತ್ತಿದ್ದಾರೆ. 2025ರ ಫೆಬ್ರವರಿಯಲ್ಲಿ ಕಂಪನಿಯವರು ಗೂಬೆ ಸತ್ತುಹೋಯಿತೆಂದು ಘೋಷಿಸಿ, ಟೆಸ್ಲಾದ ಸೈಬರ್‌ಟ್ರಕ್ ಹೊಡೆದು ಸತ್ತದ್ದೆಂದು ವಿಡಿಯೊ ಬಿಟ್ಟರು. ಬದುಕಿಸಬೇಕಾದರೆ ಎಲ್ಲರೂ ಪಾಠ ಮಾಡಿ ಅಂಕ ಗಳಿಸಿ ಅಂದರು. ಸ್ವಂತ ಚಿಕ್ಕಪ್ಪನ ವೈಕುಂಠ ಸಮಾರಾಧನೆಗೆ ಮಂಡಿನೋವೆಂದು ಹೋಗದಿದ್ದ ಷಡ್ಡಕರು ಆ ವಾರ ನಡುರಾತ್ರಿಯವರೆಗೆ ಎದ್ದು ಕೂತು ಪಾಠ ಮಾಡಿದರು. ಗೂಬೆ ಬದುಕಿತು. ಚಿಕ್ಕಪ್ಪನದು ಫ್ರೀಜ್ ಆಗಿರಲಿಲ್ಲ.

ನಡುವೆ ಒಮ್ಮೆ ಸ್ಟಟ್‌ಗಾರ್ಟಿಗೂ ಹೋಗಿಬಂದರು. ಬ್ರೆಡ್ ಅಂಗಡಿಗೆ ಹೋಗಿ, ಮನೆಯಲ್ಲೇ ಉರು ಹೊಡೆದಿಟ್ಟಿದ್ದ ವಾಕ್ಯವನ್ನು ಲಿಂಗ ವಿಭಕ್ತಿ ಸಮೇತ ಒಪ್ಪಿಸಿದರಂತೆ. ಅಂಗಡಿಯಾಕೆ ಸ್ವೇಬಿಯನ್ ಎಂಬ ಆ ಸೀಮೆಯ ಆಡುಮಾತಿನಲ್ಲಿ ಏನೋ ಕೇಳಿದಳು. ಹಳಗನ್ನಡ ವ್ಯಾಕರಣ ಓದಿ ಬಾಗಲಕೋಟೆ ಬಸ್ ಸ್ಟ್ಯಾಂಡಿನಲ್ಲಿ ಇಳಿದವನ ಪಾಡಾಯಿತು ಷಡ್ಡಕರದು. ಬಾಯಿ ತೆರೆದುಕೊಂಡು ನಿಂತರು. ಆಕೆ ಪಾಪ, ಇಂಗ್ಲಿಷಿನಲ್ಲಿ ‘ಇನ್ನೇನಾದರೂ ಬೇಕೆ?’ ಅಂದಳು. ಇವರು ಇಂಗ್ಲಿಷಿನಲ್ಲಿ ‘ಬೇಡ, ಥ್ಯಾಂಕ್ಸ್’ ಅಂದರು. ಬೇಕರಿಯಿಂದ ಹೊರಬಂದು ಬೆಂಚಿನ ಮೇಲೆ ಕೂತು ಆ ದಿನದ ಪಾಠ ಮುಗಿಸಿದರು.

ಷಡ್ಡಕರನ್ನೊಬ್ಬರನ್ನೇ ಆಡಿಕೊಳ್ಳುವುದು ಅನ್ಯಾಯ. ನಮ್ಮ ಅಪಾರ್ಟ್‌ಮೆಂಟಿನಲ್ಲೇ ನೋಡಿ. ಎರಡನೇ ಮಹಡಿಯ ಹುಡುಗ ಅನಿಮೆ ನೋಡಿ ಜಪಾನೀಸ್ ಹಿಡಿದಿದ್ದಾನೆ. ನಾಲ್ಕನೇ ಮಹಡಿಯಾಕೆ ಕೊರಿಯನ್ ಧಾರಾವಾಹಿ ನೋಡಿ ಕೊರಿಯನ್. ಕೆಳಗಿನ ದಂಪತಿ ಒಂದು ವರ್ಷ ಸ್ಪ್ಯಾನಿಷ್ ಮಾಡಿ, ಸ್ಫೂರ್ತಿ ಬತ್ತಿ, ಈಗ ಇಟಾಲಿಯನ್‌ಗೆ ಬದಲಾಗಿದ್ದಾರೆ. ಬದಲಾಯಿಸಿದ ಮೊದಲ ತಿಂಗಳು ಸ್ಫೂರ್ತಿ ಉಕ್ಕಿ ಹರಿಯುತ್ತದೆ. ಯಾಕೆಂದರೆ ಮೊದಲ ತಿಂಗಳಲ್ಲಿ ಎಲ್ಲ ಭಾಷೆಯಲ್ಲೂ ಬರುವುದು ಅದೇ ಸೇಬು, ಅದೇ ಬೆಕ್ಕು, ಅದೇ ‘ನನ್ನ ಹೆಸರು’. ಯುರೋಪಿನವರು ಭಾಷಾಜ್ಞಾನವನ್ನು ಎ1ರಿಂದ ಸಿ2ವರೆಗೆ ಆರು ಮೆಟ್ಟಿಲು ಮಾಡಿಟ್ಟಿದ್ದಾರೆ. ನಮ್ಮ ಜನ ಎ1ರಲ್ಲೇ ಮನೆ ಕಟ್ಟಿ ಗೃಹಪ್ರವೇಶ ಮಾಡಿ, ಬೇಜಾರಾದಾಗ ಇನ್ನೊಂದು ಭಾಷೆಯ ಎ1ಗೆ ವರ್ಗವಾಗುತ್ತಾರೆ.

ಗಾಂಧಿಬಜಾರಿನ ಸ್ಟೇಷನರಿ ಅಂಗಡಿಯವರಿಗೆ ಈ ವಿಷಯ ಭಾಷಾಶಾಸ್ತ್ರಜ್ಞರಿಗಿಂತ ಚೆನ್ನಾಗಿ ಗೊತ್ತು. ಭಾಷೆಗೊಂದು ದಪ್ಪ ನೋಟ್‌ಬುಕ್, ನಾಮಪದಕ್ಕೆ ಹಳದಿ, ಕ್ರಿಯಾಪದಕ್ಕೆ ಗುಲಾಬಿ, ಅಪವಾದಕ್ಕೆ ಹಸಿರು ಹೈಲೈಟರ್. ಮೊದಲ ಏಳು ಪುಟ ಮುತ್ತು ಪೋಣಿಸಿದ ಅಕ್ಷರ, ಎಂಟನೆಯ ಪುಟದಲ್ಲಿ ಹಾಲಿನವನ ಲೆಕ್ಕ. ಆಮೇಲೆ ಸಾಧಕ ಮೋಟಿವೇಷನ್ ವಿಡಿಯೊಗಳಿಗೆ ಮೊರೆಹೋಗುತ್ತಾನೆ. ಒಂದು ವಾರದಲ್ಲಿ ಒಂದು ಭಾಷೆ ಕಲಿತೆ ಎನ್ನುವ ಮಹಾಪುರುಷರು ಅಲ್ಲಿ ಸಾಲುಗಟ್ಟಿ ನಿಂತಿದ್ದಾರೆ. ಹತ್ತು ಭಾಷೆಯಲ್ಲಿ ‘ನನಗೆ ಹತ್ತು ಭಾಷೆ ಬರುತ್ತದೆ’ ಎನ್ನುತ್ತಾರೆ, ಹನ್ನೊಂದನೆಯ ವಾಕ್ಯ ಇಂಗ್ಲಿಷಿನಲ್ಲಿರುತ್ತದೆ. ದಿನಕ್ಕೆ ಹತ್ತೇ ನಿಮಿಷ ಸಾಕು ಎಂಬುದು ಇವರೆಲ್ಲರ ಬೀಜಮಂತ್ರ. ಅಮೆರಿಕ ಸರ್ಕಾರ ತನ್ನ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ ಎಂಬ ಶಾಲೆ ನಡೆಸುತ್ತದೆ. ಜಪಾನೀಸ್, ಕೊರಿಯನ್, ಚೀನೀ, ಅರಬ್ಬಿ ಭಾಷೆಗಳಿಗೆ ಅವರ ಅಂದಾಜು 2,200 ತಾಸಿನ ತರಗತಿ. ದಿನಕ್ಕೆ ಹತ್ತು ನಿಮಿಷದಂತೆ ಲೆಕ್ಕ ಹಾಕಿದರೆ ಮೂವತ್ತಾರು ವರ್ಷ. ಅದು ಇಂಗ್ಲಿಷ್ ಮಾತಾಡುವವರ ಲೆಕ್ಕ, ಜಪಾನೀಸಿನಂತೆ ಕ್ರಿಯಾಪದವನ್ನು ವಾಕ್ಯದ ಬಾಲಕ್ಕೆ ಕಟ್ಟುವುದು ಕನ್ನಡಿಗರಿಗೆ ಹುಟ್ಟಿನಿಂದ ಅಭ್ಯಾಸ. ಆರು ವರ್ಷ ಮಾಫಿ ಮಾಡೋಣ. ಎರಡನೇ ಮಹಡಿಯ ಹುಡುಗ ನಿವೃತ್ತಿಯ ಹೊತ್ತಿಗೆ ತಯಾರು.

ಅವನಿಗೆ ಬೇರೊಂದು ಅನುಕೂಲವೂ ಇದೆ. ಜಪಾನೀಸ್ ಭಾಷೆಗೆ ಜೆಎಲ್‌ಪಿಟಿ ಎಂಬ ಪರೀಕ್ಷೆ, ಎನ್5ರಿಂದ ಎನ್1ರವರೆಗೆ ಐದು ಹಂತ. ಓದಿದ್ದು ಅರ್ಥವಾಯಿತೇ, ಕೇಳಿದ್ದು ಅರ್ಥವಾಯಿತೇ, ಸರಿಯುತ್ತರದ ಗುಂಡಿ ತುಂಬು. ಅಷ್ಟೇ. ಮಾತಾಡುವ ಪರೀಕ್ಷೆ ಇಲ್ಲವೇ ಇಲ್ಲ. ಅತ್ಯುನ್ನತ ಹಂತವನ್ನೂ ಬಾಯಿಗೆ ಬೀಗ ಹಾಕಿಕೊಂಡು ಗೆಲ್ಲಬಹುದು. ಭಾಷೆಯನ್ನು ಮೌನವಾಗಿ ಕಲಿಯುವ ನಮ್ಮ ಪರಂಪರೆಗೆ ಇದಕ್ಕಿಂತ ಒಪ್ಪುವ ಪರೀಕ್ಷೆ ಇನ್ನೊಂದಿಲ್ಲ.

ಬಾಯಿ ಬಿಟ್ಟು ಕಲಿತವರ ಕತೆ ಬೇರೆ. ಹೈನ್ರಿಶ್ ಷ್ಲೀಮನ್ ಅಂತ ಒಬ್ಬ ಜರ್ಮನ್, ಟ್ರಾಯ್ ನಗರ ಹುಡುಕುತ್ತೇನೆಂದು ಹೊರಟು, ಆ ಭರದಲ್ಲಿ ಟ್ರಾಯ್‌ನ ಒಂದಷ್ಟನ್ನು ಅಗೆದು ಹಾಳುಮಾಡಿದವನು. 1840ರ ದಶಕದಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಕಡಿಮೆ ಸಂಬಳದ ಗುಮಾಸ್ತನಾಗಿದ್ದ. ಇಂಗ್ಲಿಷ್ ಕಾದಂಬರಿಗಳನ್ನು ಇಡಿಯಾಗಿ ಬಾಯಿಪಾಠ ಹೊಡೆದು ಇಂಗ್ಲಿಷ್ ಕಲಿತ. ರಷ್ಯನ್ ಕಲಿಯೋಣವೆಂದರೆ ಊರಲ್ಲಿ ಗುರುವೇ ಸಿಗಲಿಲ್ಲ. ಹಳೆಯ ವ್ಯಾಕರಣ, ಒಂದು ನಿಘಂಟು, ‘ಟೆಲಿಮಾಕಸ್’ ಕತೆಯ ಒಂದು ಕೆಟ್ಟ ರಷ್ಯನ್ ಅನುವಾದ, ಇಷ್ಟೇ ಬಂಡವಾಳ. ಎದುರಿಗೆ ಕೇಳುವವರು ಇದ್ದರೆ ಕಲಿಕೆ ಬೇಗ ಆಗುತ್ತದೆಂದು ವಾರಕ್ಕೆ ನಾಲ್ಕು ಫ್ರಾಂಕ್ ಕೊಟ್ಟು ಬಡ ಯಹೂದಿಯೊಬ್ಬನನ್ನು ಗೊತ್ತುಮಾಡಿಕೊಂಡ. ಆತ ದಿನಾ ಸಂಜೆ ಎರಡು ತಾಸು ಕೂತು ಈತನ ರಷ್ಯನ್ ಪಾರಾಯಣ ಕೇಳಬೇಕು. ಆತನಿಗೆ ರಷ್ಯನ್ನಿನ ಒಂದಕ್ಷರವೂ ಬರುತ್ತಿರಲಿಲ್ಲ! ಡಚ್ ಮನೆಗಳ ಮಾಳಿಗೆ ಬರೀ ಹಲಗೆಯದು, ಮೇಲೆ ಕೂಗಿದ್ದೆಲ್ಲ ಕೆಳಗೆ ಕೇಳುತ್ತಿತ್ತು. ಬಾಡಿಗೆದಾರರು ತಕರಾರು ತೆಗೆದು, ರಷ್ಯನ್ ಕಲಿಯುವುದರೊಳಗೆ ಎರಡು ಸಲ ಮನೆ ಬಿಡಬೇಕಾಯಿತು. ಆರು ವಾರಕ್ಕೆ ರಷ್ಯನ್ನಿನಲ್ಲಿ ಮೊದಲ ಕಾಗದ ಬರೆದೆ ಎನ್ನುತ್ತಾನೆ. ಆತ್ಮಕತೆಯಲ್ಲಿ ಒಗ್ಗರಣೆ ಹಾಕುವ ಚಾಳಿ ಅವನಿಗಿತ್ತು, ಆದ್ದರಿಂದ ಆರನ್ನು ಹನ್ನೆರಡು ಎಂದು ಓದಿಕೊಳ್ಳಿ. ಕಾಗದ ಬರೆದದ್ದು ಯಾರಿಗೆ? ನೀಲಿಬಣ್ಣದ ವ್ಯಾಪಾರಿಗಳ ಏಜೆಂಟನಿಗೆ. ರಷ್ಯಾದ ವರ್ತಕರು ಇಂಡಿಗೊ ಕೊಳ್ಳಲು ಆಮ್‌ಸ್ಟರ್‌ಡ್ಯಾಮಿಗೆ ಬರುತ್ತಿದ್ದರು, ಅವರ ಭಾಷೆ ಬಂದರೆ ಕಾಸು. ಈ ಒಂದು ಸಂಗತಿಯನ್ನು ಯಾವ ಮೋಟಿವೇಷನ್ ವಿಡಿಯೊದವನೂ ಹೇಳುವುದಿಲ್ಲ, ಹೇಳಿದರೆ ವಿಡಿಯೊ ಅರ್ಧ ನಿಮಿಷದಲ್ಲಿ ಮುಗಿದುಹೋಗುತ್ತದೆ.

ಷಡ್ಡಕರ ಮಗಳಿರುವ ವ್ಯುರ್ಟೆಂಬರ್ಗ್ ಸೀಮೆಯಿಂದಲೇ 1836ರಲ್ಲಿ ಮಿಷನರಿ ಹರ್ಮನ್ ಮೋಗ್ಲಿಂಗ್ ಮಂಗಳೂರಿಗೆ ಬಂದಿಳಿದ. ಏಳು ವರ್ಷಕ್ಕೆ, 1843ರಲ್ಲಿ, ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಅಚ್ಚುಹಾಕಿಸಿದ. ಕನ್ನಡಿಗರಿಗೆ ಕನ್ನಡದಲ್ಲಿ ಸುದ್ದಿ ಹೇಳಲು ಜರ್ಮನ್ನನೇ ಬರಬೇಕಾಯಿತು ಎಂಬುದನ್ನು ಸದ್ಯ ಬದಿಗಿಡೋಣ. 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲ್ ಜನರ ನಡುವೆ ಅಲೆದಲೆದು ಕನ್ನಡ ಹೆಕ್ಕಿದ, 1894ರಲ್ಲಿ ಎಪ್ಪತ್ತು ಸಾವಿರದಷ್ಟು ಪದಗಳ ನಿಘಂಟು ಹೊರಬಂತು. ನಡುವೆ ನಲವತ್ತೊಂದು ವರ್ಷ. ಯಾವ ಗೂಬೆಯೂ ಬೆಂಕಿಯ ಚಿತ್ರ ತೋರಿಸಿರಲಿಲ್ಲ. ಅವರಿಗೂ ಸ್ವಾರ್ಥವಿತ್ತು ಎನ್ನಿ, ಮತಪ್ರಚಾರಕ್ಕೆ ಭಾಷೆ ಬೇಕಿತ್ತು. ಕಿಟ್ಟೆಲ್ ಮಾತ್ರ ನಿಘಂಟಿನ ಹಿಂದೆ ಬಿದ್ದು ಬಂದ ಕೆಲಸಕ್ಕಿಂತ ಇದನ್ನೇ ಹೆಚ್ಚು ಮಾಡುತ್ತಾನೆಂದು ಸ್ವಂತ ಮಿಷನ್ನಿನವರಿಂದಲೇ ಅನ್ನಿಸಿಕೊಂಡ. ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಮನೆಯ ಗ್ರಂಥರಾಶಿಯ ನಡುವೆ ಕೂತೇ ಇಪ್ಪತ್ತಕ್ಕೂ ಮೇಲ್ಪಟ್ಟು ಭಾಷೆ ಗಳಿಸಿದರೆಂದು ಬಲ್ಲವರು ಹೇಳುತ್ತಾರೆ. ಇನ್ನು ಋಗ್ವೇದವನ್ನು ಸಾಯಣಭಾಷ್ಯ ಸಮೇತ ಅಚ್ಚಿಗೆ ತರಲು ಕಾಲು ಶತಮಾನ ಸವೆಸಿದ ಮ್ಯಾಕ್ಸ್ ಮ್ಯುಲ್ಲರ್ ಭಾರತಕ್ಕೆ ಒಮ್ಮೆಯೂ ಕಾಲಿಡಲಿಲ್ಲ. ಬೆಂಗಳೂರಿನಲ್ಲಿ ಜರ್ಮನ್ ಕಲಿಸುವ ಭವನಕ್ಕೆ ಅವನದೇ ಹೆಸರು. ಕಲಿತ ಭಾಷೆಯ ಊರಿಗೆ ಹೋಗದಿದ್ದವನ ಹೆಸರಿನಲ್ಲಿ, ಊರಿಗೆ ಹೋಗಲೆಂದೇ ಭಾಷೆ ಕಲಿಯುವವರ ಕ್ಯೂ.

ಆ ಕ್ಯೂ ಉದ್ದವಾಗಲು ಕಾರಣವಿದೆ. ನುರಿತ ಭಾರತೀಯರಿಗೆ ವರ್ಷಕ್ಕೆ 20,000 ಇದ್ದ ವೀಸಾಗಳನ್ನು 90,000ಕ್ಕೆ ಏರಿಸುತ್ತೇವೆಂದು ಜರ್ಮನಿ 2024ರಲ್ಲಿ ಹೇಳಿತು. ಮಂಗಳೂರಿನ ನರ್ಸಿಂಗ್ ಹಾಸ್ಟೆಲುಗಳಲ್ಲೂ ರಾತ್ರಿಪಾಳಿಯಲ್ಲೂ ಈಗ ಜರ್ಮನ್ ಉರು ಹೊಡೆಯುವುದು ಕೇಳುತ್ತದೆ. ಅಲ್ಲಿ ನರ್ಸ್ ಎಂದು ಮಾನ್ಯತೆ ಸಿಗಲು ಸಾಮಾನ್ಯವಾಗಿ ಬಿ2 ಬೇಕು. ಸಿರಿಂಜು ಸ್ತ್ರೀಲಿಂಗ, ಬ್ಯಾಂಡೇಜು ಪುಲ್ಲಿಂಗ, ರೋಗಿಯ ಹಾಸಿಗೆ ನಪುಂಸಕ. ವಾರ್ಡಿನಲ್ಲಿ ಡ್ರಿಪ್ ಬದಲಿಸುತ್ತ, ಅಂಗೈಯಲ್ಲಿ ಬರೆದುಕೊಂಡದ್ದನ್ನು ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿದು ನೋಡುತ್ತಾಳೆ ಒಬ್ಬಳು. ನಡುರಾತ್ರಿ ತೊಂಬತ್ತು ವರ್ಷದ ಜರ್ಮನ್ ಅಜ್ಜ ಎಲ್ಲಿ ನೋವೆಂದು ಹೇಳಿದರೆ ಇವಳಿಗೆ ಅರ್ಥವಾಗಬೇಕು, ಇಲ್ಲದಿದ್ದರೆ ಅಜ್ಜನೂ ಹೋದ, ಕೆಲಸವೂ ಹೋಯಿತು. ಮೋಟಿವೇಷನ್ ಹೇಗೆ ಉಳಿಸಿಕೊಳ್ಳುತ್ತೀಯಮ್ಮ ಎಂದು ಅವಳನ್ನು ಕೇಳಿ ನೋಡಿ. ಅಪ್ಪ ಕಾಲೇಜು ಫೀಸಿಗೆ ಎತ್ತಿದ ಸಾಲದ ಕಂತು ತಿಂಗಳು ತಿಂಗಳು ನೆನಪೋಲೆ ಕಳಿಸುತ್ತದೆ. ಅದಕ್ಕೆ ಫ್ರೀಜ್ ಇಲ್ಲ.

ಹೊಟ್ಟೆಪಾಡಿಗೆ ಭಾಷೆ ಕಲಿತವರು ಬೇರೆಡೆಯೂ ಇದ್ದರು. ಹಂಪಿಯಲ್ಲಿ ತುಂಗಭದ್ರೆಯ ಆಚೆ ದಡದ ವಿರೂಪಾಪುರ ಗಡ್ಡೆಯಲ್ಲಿ ಒಂದು ಕಾಲಕ್ಕೆ ಇಸ್ರೇಲಿ ಪ್ರವಾಸಿಗಳದೇ ಜಾತ್ರೆ. ಹೋಟೆಲಿನ ಬೋರ್ಡು ಹೀಬ್ರೂವಿನಲ್ಲಿ. ಶಾಲೆ ಅರ್ಧಕ್ಕೆ ಬಿಟ್ಟ ಹುಡುಗರು ಹರಿಗೋಲು ತಿರುಗಿಸುತ್ತ ಹೀಬ್ರೂವಿನಲ್ಲಿ ಚೌಕಾಸಿ ಮಾಡುತ್ತಿದ್ದರು. ಲಿಂಗ, ವಚನ, ಕಾಲ ಎಲ್ಲ ತಪ್ಪಿರಬಹುದು, ದುಡ್ಡಿನ ಲೆಕ್ಕ ತಪ್ಪುತ್ತಿರಲಿಲ್ಲ. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಾಗಿ ಅಲ್ಲಿನ ರೆಸಾರ್ಟುಗಳನ್ನು ಕೆಡವಿದರು. ಗಿರಾಕಿ ಇಲ್ಲದ ಮೇಲೆ ಹೀಬ್ರೂ ಯಾಕೆ? ಮರೆತರು. ಮರೆತದ್ದಕ್ಕೆ ಅವರಲ್ಲಿ ಯಾರೂ ಪಶ್ಚಾತ್ತಾಪಪಟ್ಟು ವಿಡಿಯೊ ಮಾಡಲಿಲ್ಲ. ಮಂಗಳೂರಿನ ಬಂದರಿಗೆ ಹೋದರೆ ತುಳು, ಕೊಂಕಣಿ, ಬ್ಯಾರಿ, ಕನ್ನಡ, ಮಲಯಾಳಂ ಇಷ್ಟರಲ್ಲೂ ಒಂದೇ ಬಂಗುಡೆಯನ್ನು ಮಾರಬಲ್ಲ ಹೆಂಗಸರಿದ್ದಾರೆ. ಎಷ್ಟು ಭಾಷೆ ಬರುತ್ತದಮ್ಮ ಅಂದರೆ, ‘ನಾನು ಶಾಲೆಗೆ ಹೋದವಳಲ್ಲ’ ಎನ್ನುತ್ತಾರೆ.

ಅಪಾರ್ಟ್‌ಮೆಂಟಿಗೆ ವಾಪಸು ಬರೋಣ. ನಾಲ್ಕನೇ ಮಹಡಿಯ ಕೊರಿಯನ್ ಸಾಧಕಿ ಬೆಂಗಳೂರಿಗೆ ಬಂದು ಹನ್ನೊಂದು ವರ್ಷವಾಯಿತು. ಹಿರಿಯರ ಮುಂದೆ ಕೊರಿಯನ್ ಕ್ರಿಯಾಪದ ಹೇಗೆ ಬಗ್ಗುತ್ತದೆ, ಕಿರಿಯರ ಮುಂದೆ ಹೇಗೆ ಸೆಟೆಯುತ್ತದೆ ಎಂಬುದೆಲ್ಲ ಆಕೆಗೆ ಕರತಲಾಮಲಕ. ಸೋಲ್ ಶಹರಕ್ಕೆ ಹೋದರೆ ಅತ್ತೆಯೊಬ್ಬಳನ್ನು ಸಂಪಾದಿಸಿಕೊಂಡು ಬರುವಷ್ಟು ವಿನಯ ಅಭ್ಯಾಸವಾಗಿದೆ. ಕನ್ನಡವೇನಾಯಿತು ಎಂದರೆ ‘ಕಲೀಬೇಕು ಅಂತ ತುಂಬಾ ಇದೆ, ಮೋಟಿವೇಷನ್ನೇ ಬರ್ತಿಲ್ಲ’ ಎಂದು ಇಂಗ್ಲಿಷಿನಲ್ಲಿ ಕೊರಗುತ್ತಾರೆ. ಆಕೆಯ ಗೂಬೆಯಲ್ಲಿ ಸಿನಿಮಾದವರು ಹುಟ್ಟಿಸಿದ ಕ್ಲಿಂಗಾನ್ ಇದೆ, ಟೀವಿ ಧಾರಾವಾಹಿಯ ಡ್ರ್ಯಾಗನ್ ರಾಣಿಯರು ಆಡುವ ಹೈ ವ್ಯಾಲಿರಿಯನ್ ಇದೆ. ಕೋಟಿಗಟ್ಟಲೆ ಜನ ಆಡುವ ಕನ್ನಡದ ಪಾಠ ಈಚಿನವರೆಗೂ ಇರಲಿಲ್ಲ. ನಮಗೆ ಡ್ರ್ಯಾಗನ್ ಇಲ್ಲವಲ್ಲ.

ಆದರೆ ಆಕೆಯ ಮೇಲೆ ಗೂಬೆ ಕೂರಿಸುವ ಮುನ್ನ ನಮ್ಮ ಗೇಟಿನ ಹತ್ತಿರ ಒಂದು ಗಳಿಗೆ ನಿಲ್ಲಿ. ರಾಯಚೂರಿನ ವಾಚ್‌ಮನ್, ಮಂಡ್ಯದ ಸೊಪ್ಪಿನವಳು, ಸಂಘದ ಕಾರ್ಯದರ್ಶಿಯಾದ ತೀರ್ಥಹಳ್ಳಿಯವರು, ಮೂವರೂ ಅಪ್ಪಟ ಕನ್ನಡದವರು. ಆಕೆ ಲಿಫ್ಟಿನಿಂದ ಹೊರಗೆ ಕಾಲಿಟ್ಟು ‘ಭಯ್ಯಾ’ ಎಂದು ಬಾಯಿ ತೆರೆಯುವ ಮೊದಲೇ ಮೂವರ ಬಾಯಿಂದಲೂ ‘ಹಾಂಜೀ ಮೇಡಂ’ ಹೊರಟಿರುತ್ತದೆ. ಸೊಪ್ಪಿನವಳ ಹಿಂದಿ ಒಂದೇ ವರ್ಷದಲ್ಲಿ ಎಷ್ಟು ಸುಧಾರಿಸಿದೆಯೆಂದರೆ ಪಾಲಕ್ಕಿನ ದರ ಇಳಿಸುವುದಿಲ್ಲವೆಂದು ಮೂರು ವಿಧದಲ್ಲಿ ಹೇಳಬಲ್ಲಳು. ಒಮ್ಮೆ ಆ ಮೇಡಂ ಎಲ್ಲಿಂದಲೋ ಕಲಿತು ‘ಎಷ್ಟು ಆಗತ್ತೆ’ ಎಂದು ಕನ್ನಡದಲ್ಲಿ ಕೇಳಿಬಿಟ್ಟರು. ಕಾರ್ಯದರ್ಶಿಗಳು ಸಂತೋಷ ತಡೆಯಲಾರದೆ, ‘ಅರೇ ವಾಹ್, ಬಹುತ್ ಅಚ್ಛಾ’ ಅಂದರು.

ಇನ್ನು ಗೂಬೆಯ ಕಂಪನಿ 2025ರ ಏಪ್ರಿಲಿನಲ್ಲಿ ಇನ್ನುಮುಂದೆ ನಮಗೆ ಕೃತಕ ಬುದ್ಧಿಮತ್ತೆಯೇ ಮೊದಲು, ಅದು ಮಾಡಬಲ್ಲ ಕೆಲಸಕ್ಕೆ ಹೊರಗುತ್ತಿಗೆಯ ಮನುಷ್ಯರನ್ನು ಕ್ರಮೇಣ ಕೈಬಿಡುತ್ತೇವೆ ಎಂದು ಸಾರಿತು. ಪಾಠ ಬರೆಯುವುದು ಯಂತ್ರ. ಕಲಿಯುವ ಕಡೆಯಲ್ಲಿ ಮಾತ್ರ ಇನ್ನೂ ಮನುಷ್ಯ ಏಕೆ ಉಳಿದಿದ್ದಾನೆಂಬ ಪ್ರಶ್ನೆಗೆ ನಮ್ಮ ಷಡ್ಡಕರ ಮನೆಯಲ್ಲಿ ಈಗಾಗಲೇ ಪರಿಹಾರ ಸಿಕ್ಕಿದೆ.

ಆಗಸ್ಟಿನ ರಜಕ್ಕೆ ಸ್ಟಟ್‌ಗಾರ್ಟಿನಿಂದ ಐದು ವರ್ಷದ ಮೊಮ್ಮಗ ಬಂದಿದ್ದ. ಶಿಶುವಿಹಾರದಲ್ಲಿ ಮರಳಾಟ ಆಡುತ್ತಲೇ ಜರ್ಮನ್ ಕಲಿತ ಪಿಳ್ಳೆ, ಮನೆಯಲ್ಲಿ ಕನ್ನಡ. ತಾತ ತಮ್ಮ ಸಾವಿರ ದಿನದ ಸಾಧನೆಯನ್ನೆಲ್ಲ ಒಗ್ಗೂಡಿಸಿ ಒಂದು ವಾಕ್ಯ ಬಿಟ್ಟರು. ಮಗು ಕಿಲಕಿಲ ನಕ್ಕು ‘ತಾತಾ, ಹಂಗಲ್ಲ, ಮೇಜು ಗಂಡು’ ಅಂದಿತು. ಷಡ್ಡಕರು ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು, ಸಾಮರ್ಥ್ಯ ಕಂಡಲ್ಲಿ ಕೆಲಸ ಹಂಚಿಬಿಡುವ ಕಲೆ ಬಲ್ಲರು. ಫೋನನ್ನು ಮಗುವಿನ ಕೈಗೆ ಕೊಟ್ಟರು. ಒಂದು ಪಾಠಕ್ಕೆ ಒಂದು ಚಕ್ಕುಲಿಯಂತೆ ಒಪ್ಪಂದವಾಯಿತು. ಮೂರು ವಾರದಲ್ಲಿ ವಜ್ರದ ಲೀಗು, ಮೂವತ್ತರಲ್ಲಿ ಮೊದಲ ಸ್ಥಾನ. ಗುಂಪಿನ ಯಾರೋ ಅಭಿನಂದನೆಯ ಚಪ್ಪಾಳೆ ಕಳಿಸಿದ್ದನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದರು.

ಮಗು ವಿಮಾನ ಹತ್ತಿದ ಮರುದಿನವೇ ಅವರ ಬಡಾವಣೆಯ ನಾಗರಿಕರ ವೇದಿಕೆಯ ಸೂಚನಾಫಲಕದಲ್ಲಿ ಒಂದು ಚೀಟಿ ಬಿತ್ತು. ‘ವಿದೇಶಿ ಭಾಷೆಗಳ ಸ್ವಯಂ ಕಲಿಕೆ: ಸ್ಫೂರ್ತಿ ಕುಗ್ಗದಂತೆ ಕಾಪಾಡಿಕೊಳ್ಳುವುದು ಹೇಗೆ?’ ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಷಡ್ಡಕರಿಂದ ಉಪನ್ಯಾಸ. ಪ್ರವೇಶ ಉಚಿತ. ಎಲ್ಲರಿಗೂ ಅರ್ಥವಾಗಲೆಂದು ಕಾರ್ಯಕ್ರಮ ಇಂಗ್ಲಿಷಿನಲ್ಲಿ ನಡೆಯುತ್ತದೆ. ಉಪನ್ಯಾಸದ ನಂತರ ಉಪ್ಪಿಟ್ಟು, ಕೇಸರಿಬಾತು. ಹೆಸರು ಕೊಡಬೇಕಾದವರು ಶನಿವಾರದೊಳಗೆ ವಾಚ್‌ಮನ್ ಬಳಿ ಕೊಡತಕ್ಕದ್ದು, ಅವನಿಗೆ ಹಿಂದಿ ಬರುತ್ತದೆ.